ಹಳೆ ಸ್ಪೀಕರ್ ಕೊಳ್ಳುವ ಮುನ್ನ ವೂಫರಿನ ಅಂಚು ಮುಟ್ಟಿ ನೋಡಿ

ಎಸ್ಟೇಟ್ ಬಂಗಲೆಯ ಹಾಲಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಕೂತಿದ್ದ ಜೋಡಿ ಸ್ಪೀಕರ್ ಮಾರಾಟಕ್ಕೆ ಬರುವುದು ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಅಪರೂಪವೇನಲ್ಲ. ವೆನೀರ್ ಇನ್ನೂ ಹೊಳೆಯುತ್ತಿರುತ್ತದೆ, ಮುಂದಿನ ಬಟ್ಟೆಯ ಜಾಲರಿ ಹರಿದಿರುವುದಿಲ್ಲ, ಕಂಪನಿಯ ಹೆಸರೂ ದೊಡ್ಡದು. ಜಾಲರಿ ಕಳಚಿ, ವೂಫರಿನ (ತಗ್ಗಿನ ನಾದ ನುಡಿಸುವ ದೊಡ್ಡ ಘಟಕದ) ಕೋನಿನ ಸುತ್ತ ಇರುವ ಉಂಗುರದ ಮೇಲೆ ಮೆಲ್ಲಗೆ ಬೆರಳಿಟ್ಟರೆ ಕಾಫಿಯಲ್ಲಿ ನೆಂದ ಬಿಸ್ಕತ್ತಿನಂತೆ ಅದು ಕುಸಿಯುತ್ತದೆ. ಬೆರಳಿಗೆ ಕಾಕಂಬಿಯಂಥ ಕಪ್ಪು ಅಂಟು ಹತ್ತುತ್ತದೆ. ಹೆಸರಿನ ಲೆಕ್ಕದಲ್ಲಿ ಕೇಳಿದ ಬೆಲೆ ಅಲ್ಲಿಗೆ ಮುಗಿಯಿತು. ಇನ್ನು ಚೌಕಾಸಿ ನಡೆಯಬೇಕಾದ್ದು ರಿಪೇರಿಯ ಖರ್ಚು ಕಳೆದ ಮೇಲೆ ಉಳಿಯುವ ಮೊತ್ತದ ಮೇಲೆ.

ನಮ್ಮ ಭಾಗದಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೀಕರಿನ ಹಣೆಬರಹ ಬರೆಯುವುದು ಮಳೆಗಾಲ. ಒಂದೇ ಮಾಡೆಲಿನ ಎರಡು ಜೋಡಿಗಳಲ್ಲಿ ಒಂದು ಅರಸೀಕೆರೆ ಅಥವಾ ಕಡೂರಿನ ಒಣಹವೆಯಲ್ಲಿತ್ತು, ಇನ್ನೊಂದು ಕೊಪ್ಪ ಅಥವಾ ಕಳಸದ ತೇವದಲ್ಲಿತ್ತು ಅಂದರೆ ಅವೆರಡನ್ನೂ ಒಂದೇ ವಸ್ತು ಅಂತ ಎಣಿಸುವಂತಿಲ್ಲ. ಯಾವ ಬ್ರ್ಯಾಂಡ್ ಎಂದು ವಿಚಾರಿಸುವ ಮೊದಲು ಎಲ್ಲಿತ್ತು, ಎಷ್ಟು ಮಳೆಗಾಲ ಮೂಲೆಯಲ್ಲಿ ಸುಮ್ಮನೆ ಕೂತಿತ್ತು ಎಂದು ವಿಚಾರಿಸಿ.

ಫುಲ್ ರೇಂಜ್ ಅಂದರೆ ಯಾವುದು?

ಈ ಮಾತಿಗೆ ಎರಡು ಅರ್ಥವಿದೆ. ಮಾರುವವರು ತಮಗೆ ಅನುಕೂಲವಾದದ್ದನ್ನು ಹೇಳುತ್ತಾರೆ.

ಮೊದಲನೆಯದು, ಸಬ್‌ವೂಫರಿನ (ತಗ್ಗಿನ ನಾದಕ್ಕೆಂದೇ ಇರುವ ಬೇರೆ ಪೆಟ್ಟಿಗೆಯ) ಹಂಗಿಲ್ಲದೆ ತಗ್ಗಿನಿಂದ ತಾರದವರೆಗೆ ಇಡೀ ಸಂಗೀತವನ್ನು ತಾನೇ ನುಡಿಸುವ ಸ್ಪೀಕರ್. ಒಳಗೆ ವೂಫರ್, ತಾರದ ಸ್ವರಕ್ಕೆ ಪುಟ್ಟ ಟ್ವೀಟರ್, ಕೆಲವದರಲ್ಲಿ ನಡುವಿನ ಸ್ವರಕ್ಕೆ ಮಿಡ್ ರೇಂಜೂ ಇರುತ್ತದೆ. ಯಾವ ಸ್ವರ ಯಾರ ಪಾಲಿಗೆ ಎಂದು ಹಂಚುವ ಕ್ರಾಸೋವರ್ ಸರ್ಕ್ಯೂಟ್ ಹಿಂದೆ ಕೂತಿರುತ್ತದೆ. ಮನೆಯ ಸ್ಟೀರಿಯೋಗೆ ಸಾಮಾನ್ಯವಾಗಿ ಬೇಕಾದದ್ದು ಇದೇ.

ಎರಡನೆಯದು, ಒಂದೇ ಕೋನು ಎಲ್ಲವನ್ನೂ ನುಡಿಸುವ ಸಿಂಗಲ್ ಡ್ರೈವರ್ (ಡ್ರೈವರ್ ಅಂದರೆ ಪೆಟ್ಟಿಗೆಯಲ್ಲಿ ಸದ್ದು ಹುಟ್ಟಿಸುವ ಘಟಕ). ಫಾಸ್ಟೆಕ್ಸ್, ಲೋಥರ್ ಮುಂತಾದವರ ಡ್ರೈವರುಗಳಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಕ್ರಾಸೋವರ್ ಇಲ್ಲದ್ದರಿಂದ ಹಾಡುವವರ ದನಿ ಒಂದೇ ಬಿಂದುವಿನಿಂದ ಹೊರಟಂತೆ ಚೊಕ್ಕವಾಗಿ ಕೇಳುತ್ತದೆ. ಕೊರತೆಗಳೂ ಇವೆ. 20 ಸೆಂಟಿಮೀಟರ್ ಕೋನು ಸುಮಾರು 2,000 ಹರ್ಟ್ಝ್ (ಸೆಕೆಂಡಿಗೆ ಅಷ್ಟು ಕಂಪನ; ಅಂಕಿ ಏರಿದಷ್ಟೂ ಸ್ವರ ಮೇಲೆ) ದಾಟಿದ ಮೇಲೆ ಶಬ್ದವನ್ನು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕಷ್ಟೇ ಚೆಲ್ಲುತ್ತದೆ. ನಡುವೆ ಕೂತವರಿಗೆ ಹಬ್ಬ, ಪಕ್ಕದ ಕುರ್ಚಿಯವರಿಗೆ ಮಂಕು. ತಗ್ಗಿನ ನಾದವೂ ಕಡಿಮೆ. ಒಬ್ಬರೇ ಕೂತು ಹಾಡುಗಾರಿಕೆ ಕೇಳುವವರಿಗೆ ಸರಿ. ಮನೆಮಂದಿಯೆಲ್ಲ ಕೂತು ಸಿನಿಮಾ ಹಾಡು ಕೇಳುವ ಹಾಲಿಗೆ ಬೇಡ.

ಇವೆರಡರಲ್ಲಿ ಯಾವುದೂ ಅಲ್ಲದೆಯೂ ಫುಲ್ ರೇಂಜ್ ಎಂದು ಬಿಕರಿಯಾಗುವ ಎರಡು ಸರಕುಗಳಿವೆ. ಒಂದು, ಹೋಮ್ ಥಿಯೇಟರ್ ಸೆಟ್ಟಿನಿಂದ ಬೇರ್ಪಟ್ಟ ಪುಟ್ಟ ಸ್ಯಾಟಲೈಟ್ ಸ್ಪೀಕರ್. ಅದರ ಸಬ್‌ವೂಫರ್ ಇಲ್ಲದೆ ಗಂಡು ದನಿಯೂ ತೆಳ್ಳಗಾಗುತ್ತದೆ. ಇನ್ನೊಂದು, ಶಾಮಿಯಾನದವರು ಹೊಸದು ತಂದಾಗ ಬಿಟ್ಟುಕೊಡುವ 12 ಅಥವಾ 15 ಇಂಚಿನ ಡಿಜೆ ಬಾಕ್ಸ್. ಮಂಟಪದ ಸಾವಿರ ಜನಕ್ಕೆ ಕೇಳಿಸುವುದೇ ಅದರ ಕೆಲಸ. 15 ಇಂಚು ಇದೆಯೆಂದ ಮಾತ್ರಕ್ಕೆ ಆಳದ ಬೇಸ್ ಬರುತ್ತದೆಂದಲ್ಲ; ಅಂಥ ಎಷ್ಟೋ ಬಾಕ್ಸುಗಳು 60 ಹರ್ಟ್ಝ್ ಕೆಳಗೆ ಕೈಚೆಲ್ಲುತ್ತವೆ. ಅದರ ಹಾರ್ನ್ ಎಂಟಡಿ ದೂರದಲ್ಲಿ ಕೂತವರ ಕಿವಿಗೆ ಚುಚ್ಚುತ್ತದೆ.

ಎಷ್ಟು ಆಳ ಬೇಕು, ಎಷ್ಟು ವ್ಯಾಟ್ ಸಾಕು

ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಝ್. ಬಿಳಿ ಒಂದು ಶ್ರುತಿಯಲ್ಲಿ ಹಾಡುವವರ ತಂಬೂರಿಯ ಮಂದ್ರ ಷಡ್ಜ ಸುಮಾರು 65. ನಮ್ಮ ಮನೆಗಳಲ್ಲಿ ಕೇಳುವ ಸಂಗೀತದ ಬಹುಪಾಲು ಇದರ ಮೇಲೆಯೇ ಇದೆ. ಹಾಗಾಗಿ 50 ಹರ್ಟ್ಝ್‌ವರೆಗೆ ಪ್ರಾಮಾಣಿಕವಾಗಿ ಇಳಿಯುವ ಸ್ಪೀಕರ್ ಸಾಕು, 40ರವರೆಗೆ ಇಳಿದರೆ ಧಾರಾಳ. ಪ್ರಾಮಾಣಿಕತೆ ಗೊತ್ತಾಗುವುದು ಹಿಂಬದಿಯ ಚೀಟಿಯಲ್ಲಿ. ‘45 ಹರ್ಟ್ಝ್–20 ಕಿಲೋಹರ್ಟ್ಝ್, ±3 ಡೆಸಿಬೆಲ್’ ಎಂದಿದ್ದರೆ ಅದಕ್ಕೆ ಅರ್ಥವಿದೆ: ಆ ವ್ಯಾಪ್ತಿಯಲ್ಲಿ ಸದ್ದು 3 ಡೆಸಿಬೆಲ್ (ಸದ್ದಿನ ಅಳತೆ) ಮೀರಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ±3 ಎಂಬ ಮಾತಿಲ್ಲದೆ ಬರೀ 20–20,000 ಎಂದು ಬರೆದಿದ್ದರೆ ಓದದೆ ಮುಂದೆ ಹೋಗಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್ ಎಂದು ಹೇಳಿಕೊಳ್ಳುವ ಅಂಕಿ) ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಸ್ಪೀಕರನ್ನೇ ಬಿಟ್ಟು ಮುಂದೆ ಹೋಗಿ. ಅದು ಜಾತ್ರೆಯಲ್ಲಿ ಕೂಗುವ ಬೆಲೆ.

ವ್ಯಾಟಿಗಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ. 87ರ ಸ್ಪೀಕರಿಗೂ 90ರದ್ದಕ್ಕೂ ಇರುವ ವ್ಯತ್ಯಾಸ ಬರೀ 3 ಅಂತ ಅನಿಸಬಹುದು. ಆದರೆ ಅಷ್ಟೇ ಸದ್ದಿಗೆ 87ರದ್ದು ಎರಡು ಪಟ್ಟು ವ್ಯಾಟ್ ಕೇಳುತ್ತದೆ. 87 ಡೆಸಿಬೆಲ್‌ನ ಜೋಡಿಗೆ ತಲಾ 1 ವ್ಯಾಟ್ ಕೊಟ್ಟರೆ, ಎಂಟೊಂಬತ್ತು ಅಡಿ ದೂರದ ಕುರ್ಚಿಯಲ್ಲಿ ಸುಮಾರು 82–84 ಡೆಸಿಬೆಲ್ ಸಿಗುತ್ತದೆ. ಪಕ್ಕದವರ ಜೊತೆ ದನಿ ಏರಿಸಿ ಮಾತಾಡಬೇಕಾದಷ್ಟು ಜೋರು ಅದು. ಮೃದಂಗದ ಒಂದು ಹೊಡೆತ ಸರಾಸರಿಗಿಂತ 15 ಡೆಸಿಬೆಲ್ ಮೇಲೆ ಹಾರಿದರೆ ಆ ಕ್ಷಣಕ್ಕೆ ಸುಮಾರು 32 ವ್ಯಾಟ್ ಬೇಕು. 40–60 ವ್ಯಾಟಿನ ಆಂಪ್ಲಿಫೈಯರ್ ಏಕೆ ಸಾಕು ಎಂಬುದಕ್ಕೆ ಇದೇ ಲೆಕ್ಕ.

ಇದಕ್ಕೆ ಊರಿನ ಕರೆಂಟನ್ನೂ ಸೇರಿಸಿಕೊಳ್ಳಿ. ಲೈನಿನ ಕೊನೆಯ ತೋಟದ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುವುದುಂಟು. ಸಾದಾ ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರಿಗೆ 230ರ ಬದಲು 180 ಬಂದರೆ ಒಳಗಿನ ಡಿಸಿ ವೋಲ್ಟೇಜೂ ಅದೇ ಪ್ರಮಾಣದಲ್ಲಿ, 0.78ಕ್ಕೆ, ತಗ್ಗುತ್ತದೆ. ಪವರ್ ಅದರ ವರ್ಗವಾದ್ದರಿಂದ 0.61. 50 ವ್ಯಾಟಿನ ಯಂತ್ರ ಆ ಹೊತ್ತಿಗೆ 30 ವ್ಯಾಟಿನದು. ವಾಲ್ಯೂಮ್ ಎಂದಿನಷ್ಟೇ ತಿರುಗಿಸಿದರೆ ಅಲೆಗಳ ತಲೆ ಚಪ್ಪಟೆಯಾಗುತ್ತದೆ, ಆ ವಿಕಾರದಲ್ಲಿ ಹುಟ್ಟುವ ಹೆಚ್ಚುವರಿ ಶಕ್ತಿ ಟ್ವೀಟರಿಗೆ ಹೋಗುತ್ತದೆ, ತಲೆಗೂದಲಿನಷ್ಟು ಸಣ್ಣ ತಂತಿ ಸುಡುತ್ತದೆ. ‘ಚಿಕ್ಕ ಆಂಪ್ಲಿಫೈಯರ್ ಹಾಕಿದ್ದೆವು, ಟ್ವೀಟರ್ ಹೇಗೆ ಹೋಯಿತೋ’ ಎಂದು ಮಾರುವವರು ಹೇಳಿದರೆ ಉತ್ತರ ಅದರಲ್ಲೇ ಇದೆ.

ಅಂಚು, ಕೋನು, ಕಾಯಿಲ್

ಮತ್ತೆ ಆ ಉಂಗುರಕ್ಕೆ ಬರೋಣ. ಕೋನು ಹಿಂದೆ ಮುಂದೆ ಆಡಲು ಅನುಕೂಲವಾಗಲಿ ಎಂದು ಅದನ್ನು ಫ್ರೇಮಿಗೆ ಕಟ್ಟಿರುವ ಪಟ್ಟಿ ಅದು. ಫೋಮ್, ರಬ್ಬರ್ ಅಥವಾ ಲೇಪ ಹಚ್ಚಿದ ಬಟ್ಟೆಯಲ್ಲಿ ಮಾಡಿರುತ್ತಾರೆ. ಪಾಲಿಯುರಿಥೇನ್ ಫೋಮ್ ಹಗುರ, ಅಗ್ಗ, ನುಡಿಯುವುದಕ್ಕೂ ಚೆನ್ನ. ಆದರೆ ಗಾಳಿಯ ತೇವ ಅದರ ಅಣುಸರಪಳಿಯನ್ನೇ ಕತ್ತರಿಸುತ್ತದೆ. 10–20 ವರ್ಷದಲ್ಲಿ ಪುಡಿಯಾಗುತ್ತದೆ, ಮಲೆನಾಡಿನಲ್ಲಿ ಇನ್ನೂ ಬೇಗ. ಸ್ಪೀಕರ್ ನುಡಿಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಬಿಡುವುದಿಲ್ಲ, ಆದ್ದರಿಂದ ‘ಬಳಸೇ ಇಲ್ಲ’ ಎಂಬ ಮಾತಿಗೆ ಫೋಮಿನ ವಿಷಯದಲ್ಲಿ ಬೆಲೆಯಿಲ್ಲ. ರಬ್ಬರ್ ಇದಕ್ಕಿಂತ ಬಹಳ ಬಾಳುತ್ತದೆ. ಅದು ಗಟ್ಟಿಯಾಗಿದೆಯೇ, ಫ್ರೇಮಿನ ಕಡೆ ಅಂಟು ಬಿಟ್ಟಿದೆಯೇ ನೋಡಿದರೆ ಸಾಕು. ಮಡಿಕೆ ಮಡಿಕೆಯಾದ ಬಟ್ಟೆಯ ಅಂಚು ಎಲ್ಲಕ್ಕಿಂತ ದೀರ್ಘಾಯುಷಿ. ಬೇರೆಲ್ಲ ಸಮವಾಗಿದ್ದರೆ ಘಟ್ಟದ ಮೇಲಿನವರು ರಬ್ಬರ್ ಅಥವಾ ಬಟ್ಟೆ ಆರಿಸಿಕೊಳ್ಳುವುದು ಜಾಣತನ.

ಫೋಮ್ ಹೋಗಿದೆ ಅಂದ ಮಾತ್ರಕ್ಕೆ ವೂಫರ್ ಸತ್ತಿತು ಎಂದಲ್ಲ. ಹೊಸ ರಿಂಗ್ ಹಾಕಿಸಬಹುದು, ಕೈ ನಿಧಾನವಿದ್ದರೆ ಮನೆಯಲ್ಲೇ ಹಾಕಬಹುದು. ಹಳೆಯ ಅಂಟನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಮೊಂಡು ಚಾಕುವಿನಿಂದ ಕೆರೆಯಬೇಕು. ಕೋನಿನ ವ್ಯಾಸ, ಉಬ್ಬಿನ ಅಗಲ, ಫ್ರೇಮಿನ ಒಳವ್ಯಾಸ ಈ ಮೂರನ್ನೂ ಮಿಲಿಮೀಟರಿನಲ್ಲಿ ಅಳೆದು ರಿಂಗ್ ತರಿಸಬೇಕು. ‘8 ಇಂಚು’ ಎಂದಷ್ಟೇ ಹೇಳಿದರೆ ಬರುವ ರಿಂಗ್ ಕೂರುವುದಿಲ್ಲ. ಮೊದಲು ಕೋನಿನ ಕಡೆ ಅಂಟಿಸಿ ಒಣಗಲು ಬಿಟ್ಟು, ಆಮೇಲೆ ಫ್ರೇಮಿನ ಕಡೆ. ಈ ಎರಡನೇ ಹಂತದಲ್ಲಿ ಕೋನು ಕೂದಲೆಳೆಯಷ್ಟು ವಾಲಿದರೂ ಅದರ ಹಿಂದೆ ಸುತ್ತಿರುವ ತಂತಿಯ ಸುರುಳಿ, ಅಂದರೆ ಕಾಯಿಲ್, ಮ್ಯಾಗ್ನೆಟ್ಟಿಗೆ ಉಜ್ಜುತ್ತದೆ. ಅಂಟು ಹಸಿಯಿರುವಾಗಲೇ 30 ಹರ್ಟ್ಝ್ ನಾದವನ್ನು ತೀರ ಸಣ್ಣಗೆ ಬಿಟ್ಟು, ಗರಗರ ಇಲ್ಲದ ಜಾಗಕ್ಕೆ ಕೋನನ್ನು ಸರಿಸಿ ನಿಲ್ಲಿಸುವುದು ಒಂದು ಉಪಾಯ. 24 ಗಂಟೆ ಮುಟ್ಟಬಾರದು. ಆಷಾಢದಲ್ಲಾದರೆ ಎರಡು ದಿನ.

ಕಾಯಿಲ್ ಉಜ್ಜುತ್ತಿದೆಯೇ ಎಂಬುದು ಕೊಳ್ಳುವ ದಿನವೇ ತಿಳಿಯಬೇಕು. ಎರಡೂ ಕೈಯ ಬೆರಳುಗಳನ್ನು ಕೋನಿನ ಎದುರುಬದುರು ಬದಿಗಳಲ್ಲಿ ಸಮವಾಗಿಟ್ಟು ಮೂರು ನಾಲ್ಕು ಮಿಲಿಮೀಟರ್ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಮರಳು ಕಾಗದ ತಿಕ್ಕಿದ ಸದ್ದು ಬಂದರೆ ಕಾಯಿಲ್ ಸುಟ್ಟು ಉಬ್ಬಿದೆ, ಇಲ್ಲವೇ ಎಲ್ಲೋ ಬಿದ್ದು ಮ್ಯಾಗ್ನೆಟ್ ಸರಿದಿದೆ. ಮ್ಯಾಗ್ನೆಟ್ ಸರಿದದ್ದನ್ನು ಬಿಟ್ಟುಬಿಡಿ. ಸೀಲ್ ಆದ, ಅಂದರೆ ಗಾಳಿಯ ತೂತಿಲ್ಲದ ಪೆಟ್ಟಿಗೆಯಲ್ಲಿ ಇದೇ ಪರೀಕ್ಷೆ ಇನ್ನೊಂದನ್ನೂ ಹೇಳುತ್ತದೆ: ಒತ್ತಿ ಬಿಟ್ಟ ಕೋನು ತಡೆದು ತಡೆದು ಮರಳಿದರೆ ಪೆಟ್ಟಿಗೆ ಬಿಗಿಯಾಗಿದೆ, ಪಟ್ಟನೆ ಹಾರಿ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ನಡುವಿನ ಗುಮ್ಮಟದಂಥ ಟೋಪಿಯನ್ನು ಯಾವುದೋ ಮಗು ಒಳಕ್ಕೆ ಅದುಮಿದ್ದರೆ ಗಾಬರಿ ಬೇಡ. ನಾದಕ್ಕೆ ಹೆಚ್ಚೇನೂ ನಷ್ಟವಿಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ. ಟ್ವೀಟರಿನ ಗುಮ್ಮಟ ತಗ್ಗಾಗಿದ್ದರೆ ಮಾತು ಬೇರೆ. ಅದರಲ್ಲೂ ಲೋಹದ್ದಾದರೆ ಮೊದಲಿನ ಆಕಾರಕ್ಕೆ ಬರುವುದಿಲ್ಲ.

ಜೇಬಿನಲ್ಲಿ ಮಲ್ಟಿಮೀಟರ್, ಒಂದು ಪೆನ್‌ಟಾರ್ಚ್ ಸೆಲ್

ಮೀಟರನ್ನು ಓಮ್ (ವಿದ್ಯುತ್ ರೋಧದ ಅಳತೆ) ಮೇಲಿಟ್ಟು, ಅದರ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೋ ನೋಡಿ, ಅಷ್ಟನ್ನು ಮುಂದಿನ ಅಳತೆಯಿಂದ ಕಳೆಯಿರಿ. 8 ಓಮ್ ಎಂದು ಬರೆದ ಸ್ಪೀಕರ್ ಸಾಮಾನ್ಯವಾಗಿ 5.5ರಿಂದ 7ರವರೆಗೆ ತೋರಿಸುತ್ತದೆ, 4 ಓಮಿನದು 3ರಿಂದ 3.8. ಬರೆದದ್ದಕ್ಕಿಂತ ಕಡಿಮೆ ಬಂದರೆ ದೋಷವಲ್ಲ; ಮೀಟರ್ ಅಳೆಯುವುದು ಬರೀ ತಂತಿಯ ಡಿಸಿ ರೋಧವನ್ನು. ನೋಡಬೇಕಾದದ್ದು ಎರಡು ಪೆಟ್ಟಿಗೆಗಳ ನಡುವಿನ ಅಂತರ. ಒಂದು 6.1, ಇನ್ನೊಂದು 6.3 ಎಂದರೆ ಸರಿ. ಒಂದು 6.1, ಇನ್ನೊಂದು 3.4 ಎಂದರೆ ಯಾರೋ ಬೇರೆ ವೂಫರ್ ಹಾಕಿದ್ದಾರೆ, ಅಥವಾ ಕಾಯಿಲ್ ಕಟ್ಟಿಸುವಾಗ ಲೆಕ್ಕ ತಪ್ಪಿದೆ. 8 ಓಮ್ ಎಂದಷ್ಟೇ ಬರೆದ ಆಂಪ್ಲಿಫೈಯರ್ ನಿಮ್ಮಲ್ಲಿದ್ದರೆ 4 ಓಮಿನ ಸ್ಪೀಕರಿಗೆ ಕೈ ಹಾಕಬೇಡಿ, ಎರಡು ಪಟ್ಟು ಕರೆಂಟ್ ಎಳೆಸಿಕೊಂಡು ಅದು ಕಾದು ಕೂರುತ್ತದೆ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಹಿಂದಿನ ಟರ್ಮಿನಲ್‌ನಲ್ಲಿ ಅಳೆದಾಗ ತಿಳಿಯುವುದು ವೂಫರ್ ವಿಷಯ ಮಾತ್ರ. ಟ್ವೀಟರಿನ ಮುಂದೆ ಕೆಪಾಸಿಟರ್ ಇರುವುದರಿಂದ ಮೀಟರಿನ ಡಿಸಿ ಅಲ್ಲಿಗೆ ಹೋಗುವುದೇ ಇಲ್ಲ. ಟ್ವೀಟರ್ ಪೂರ್ತಿ ಸುಟ್ಟಿದ್ದರೂ ಮೀಟರ್ 6.2 ತೋರಿಸಿ ಸುಮ್ಮನಾಗುತ್ತದೆ. ಟ್ವೀಟರಿಗೆ ಬೇಕಾದದ್ದು ಒಂದು ದಿನಪತ್ರಿಕೆ. ಸುರುಳಿ ಸುತ್ತಿ ಒಂದು ತುದಿ ಟ್ವೀಟರಿನ ಮುಂದೆ, ಇನ್ನೊಂದು ತುದಿ ಕಿವಿಗೆ. ಸಣ್ಣ ದನಿಯಲ್ಲಿ ಹಾಡು ಬಿಟ್ಟು ಎಡ ಬಲ ಹೋಲಿಸಿ. ಒಂದು ಕಡೆ ತಾಳದ ಕಿಣಿಕಿಣಿ, ಇನ್ನೊಂದು ಕಡೆ ಮೌನ ಎಂದರೆ ಟ್ವೀಟರ್ ಹೋಗಿದೆ, ಅಥವಾ ಕ್ರಾಸೋವರ್. ಹಿಂದೆ ಟ್ರೆಬಲ್ ಏರಿಸಿ ಇಳಿಸುವ ಗುಂಡಿ ಇರುವ ಹಳೆಯ ಮಾಡೆಲ್ ಆದರೆ ಮೊದಲು ಅದನ್ನು ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿ. ಒಳಗೆ ಕಿಲುಬು ಹಿಡಿದು ಟ್ವೀಟರ್ ಬಾಯಿ ಕಟ್ಟಿರುವುದು ಬಹಳ ಸಾಮಾನ್ಯ. ಸತ್ತದ್ದೆಂದು ಅರ್ಧ ಬೆಲೆಗೆ ಕೊಟ್ಟ ಸ್ಪೀಕರ್ ಹೀಗೆ ತಿರುಗಿಸಿದ್ದಕ್ಕೇ ಹಾಡುವುದುಂಟು.

1.5 ವೋಲ್ಟಿನ ಸೆಲ್ಲಿನ ಪ್ಲಸ್ಸನ್ನು ಕೆಂಪು ಟರ್ಮಿನಲ್ಲಿಗೂ ಮೈನಸ್ಸನ್ನು ಕಪ್ಪಿಗೂ ಒಂದು ಕ್ಷಣ ತಾಗಿಸಿ. ವೂಫರ್ ಮುಂದಕ್ಕೆ ಜಿಗಿಯಬೇಕು. ಜೆಬಿಎಲ್‌ನ ಕೆಲವು ಹಳೆಯ ಡ್ರೈವರುಗಳು ಹುಟ್ಟಿನಿಂದಲೇ ಉಲ್ಟಾ; ಹಾಗಾಗಿ ಎರಡೂ ಒಂದೇ ದಿಕ್ಕಿಗೆ ಜಿಗಿಯುತ್ತವೆಯೇ ಎಂಬುದು ಮುಖ್ಯ. ಒಂದು ಮುಂದೆ, ಒಂದು ಹಿಂದೆ ಎಂದರೆ ರಿಪೇರಿಯಲ್ಲಿ ತಂತಿ ಅದಲು ಬದಲಾಗಿದೆ. ಟ್ವೀಟರಿನ ಕಾಲುಗಳಿಗೆ ನೇರವಾಗಿ ಸೆಲ್ ತಾಗಿಸಬೇಡಿ.

ಮಾರುವವರ ಆಂಪ್ಲಿಫೈಯರಿಗೆ ಜೋಡಿಸಿದ ಮೇಲೆ ಫೋನಿನಿಂದ 200 ಹರ್ಟ್ಝ್‌ನಿಂದ 40ರವರೆಗೆ ನಿಧಾನ ಇಳಿಯುವ ನಾದವನ್ನು ಮಾತಿನಷ್ಟೇ ಸದ್ದಿನಲ್ಲಿ ಬಿಡಿ. ಝರ್ ಎಂದರೆ ಎಲ್ಲಿ ಎಂದು ಹುಡುಕಿ: ಸಡಿಲ ಸ್ಕ್ರೂ, ಬಿಟ್ಟ ಟೋಪಿ, ಹರಿದ ರಿಂಗ್. ಎಷ್ಟೋ ಸಲ ಅದು ಸ್ಪೀಕರಲ್ಲ, ಶೋಕೇಸಿನ ಗಾಜು. ಸದ್ದು ಏರಿಸಬೇಡಿ. ತೂತಿರುವ ಪೆಟ್ಟಿಗೆಯಲ್ಲಿ, ತೂತಿಗೆ ಹೊಂದಿಸಿದ ಸ್ವರಕ್ಕಿಂತ, ಅಂದರೆ ಅದರ ಟ್ಯೂನಿಂಗ್‌ಗಿಂತ ತಗ್ಗಿನ ನಾದಕ್ಕೆ ಕೋನನ್ನು ತಡೆಯುವ ಗಾಳಿಯೇ ಇರುವುದಿಲ್ಲ.

ಆಮೇಲೆ ಹಾಸನ ಆಕಾಶವಾಣಿಯ ಎಫ್‌ಎಂ ವಾರ್ತೆ ಹಾಕಿ, ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ. ಓದುವವರ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ, ಗಾಳಿಯಲ್ಲಿ ನಿಂತಂತೆ ಕೇಳಬೇಕು. ಒಂದು ಬದಿಗೆ ವಾಲಿದರೆ ಎರಡೂ ಸಮ ಇಲ್ಲ. ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಿದ್ದರೆ ಫೇಸ್ ಉಲ್ಟಾ, ಅಂದರೆ ಒಂದರ ಕೋನು ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತಿದೆ. ಕೊಪ್ಪ, ಶೃಂಗೇರಿ ಕಡೆಯವರಿಗೆ ಇನ್ನೊಂದು ಪರೀಕ್ಷೆ ಕೈಗೆ ಹತ್ತಿರದಲ್ಲೇ ಇದೆ, ಯಕ್ಷಗಾನದ ಹಾಡು. ಚೆಂಡೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಒಣಗಿದಂತೆ ಬರಬೇಕು. ಭಾಗವತರ ದನಿ ಅದರ ಹಿಂದೆ ಹೂತು ಹೋಗಬಾರದು.

ಪೆಟ್ಟಿಗೆಯ ಒಳಗಿನ ನಿವಾಸಿಗಳು

ಪೆಟ್ಟಿಗೆಯ ತಳವನ್ನು ಎತ್ತಿ ನೋಡದೆ ದುಡ್ಡು ಕೊಡಬೇಡಿ. ಪಾರ್ಟಿಕಲ್ ಬೋರ್ಡ್ ತೇವ ಕುಡಿದು ಉಬ್ಬಿದರೆ ಹಿಂದಕ್ಕೆ ಬರುವುದಿಲ್ಲ; ಸ್ಕ್ರೂ ಹಿಡಿಯುವುದಿಲ್ಲ, ಮೂಲೆಗಳಲ್ಲಿ ಗಾಳಿ ಸೋರುತ್ತದೆ. ಕೆಳ ಅಂಚಿನ ವೆನೀರ್ ಅಲೆಯಂತೆ ಎದ್ದಿದ್ದರೆ ಅದು ಸಿಮೆಂಟ್ ನೆಲದ ಮೇಲೆ ನೇರವಾಗಿ ಕೂತಿತ್ತು ಎಂದರ್ಥ. ವೂಫರಿನ ಸ್ಕ್ರೂ ತಲೆಗಳು ತುಕ್ಕು ಹಿಡಿದಿದ್ದರೆ ಒಳಗಿನ ಕನೆಕ್ಟರುಗಳೂ ಹಾಗೇ ಇರುತ್ತವೆ. ಮಂಗಳೂರು ಕಡೆಯ ಸ್ಪೀಕರ್ ಆದರೆ ಉಪ್ಪುಗಾಳಿ ಮ್ಯಾಗ್ನೆಟ್ಟಿನ ಹಿಂದಿನ ಉಕ್ಕಿನ ತಟ್ಟೆಯನ್ನು ಎಷ್ಟು ತಿಂದಿದೆ ಎಂದೂ ನೋಡಿ.

ಗಾಳಿ ತೂತಿನೊಳಗೆ ಟಾರ್ಚ್ ಬಿಡಿ. ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿ ತೂತನ್ನು ಅರ್ಧ ಮುಚ್ಚಿರಬಹುದು. ಆಗ ಪೆಟ್ಟಿಗೆಯ ಟ್ಯೂನಿಂಗೇ ಬದಲಾಗಿ ಬೇಸ್ ಗಂಟಲು ಕಟ್ಟಿದಂತೆ ಕೇಳುತ್ತದೆ. ಇಲಿ ಒಳಗಿನ ಉಣ್ಣೆ ಎಳೆದು ಹಾಸಿಗೆ ಮಾಡಿಕೊಂಡು ತಂತಿ ಕಡಿದಿರಬಹುದು. ಮಣ್ಣು ಕೆರೆದು ತೆಗೆದರೆ ಮೊದಲನೆಯದು ಸರಿಹೋಗುತ್ತದೆ. ಎರಡನೆಯದಕ್ಕೆ ವೂಫರ್ ಬಿಚ್ಚಲೇಬೇಕು.

ಬಿಚ್ಚಿದಾಗ ಕ್ರಾಸೋವರನ್ನೂ ನೋಡಿ. ಇಪ್ಪತ್ತೈದು ಮೂವತ್ತು ವರ್ಷದ ಪೆಟ್ಟಿಗೆಯಲ್ಲಿ ನಾನ್-ಪೋಲಾರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರುತ್ತದೆ. 4.7 ಮೈಕ್ರೋಫ್ಯಾರಡ್ ಎಂದು ಬರೆದದ್ದು ಶೇಕಡಾ 20ಕ್ಕಿಂತ ಆಚೀಚೆ ತೋರಿಸಿದರೆ ಬದಲಿಸಿ, ಎರಡೂ ಪೆಟ್ಟಿಗೆಯಲ್ಲಿ ಒಟ್ಟಿಗೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸುವಾಗ ಸಾದಾ ಪ್ಲಸ್–ಮೈನಸ್ ಕೆಪಾಸಿಟರ್ ಕೊಟ್ಟಾರು, ವಾಪಸ್ ಮಾಡಿ. ಪಾಲಿಪ್ರೊಪಿಲೀನ್ ಹಾಕಿದರೆ ಬಾಳಿಕೆ ಬರುತ್ತದೆ. ಆದರೆ ಅದರ ಒಳರೋಧ ಕಡಿಮೆಯಾದ್ದರಿಂದ ಟ್ವೀಟರ್ ತುಸು ಚುರುಕಾಗುತ್ತದೆ; ಚುಚ್ಚಿದರೆ ಸರಣಿಯಲ್ಲಿ ಅರ್ಧ ಓಮಿನ ರೆಸಿಸ್ಟರ್ ಸೇರಿಸಬಹುದು.

ಬಿಡಿಭಾಗ ತಪ್ಪಿದ ಜೋಡಿಯ ಬಗ್ಗೆಯೂ ಒಂದು ಮಾತು. 1968ರಲ್ಲಿ ಬಂದ ಬೋಸ್ 901ರಲ್ಲಿ ಒಂಬತ್ತು ಪುಟ್ಟ ಫುಲ್ ರೇಂಜ್ ಡ್ರೈವರುಗಳಿವೆ, ಎಂಟು ಹಿಂದಕ್ಕೆ, ಒಂದು ಮುಂದಕ್ಕೆ. ಜೊತೆಗೆ ಬಂದ, ತಗ್ಗು–ತಾರಗಳನ್ನು ಎತ್ತಿ ಸರಿದೂಗಿಸುವ ಈಕ್ವಲೈಸರ್ ಇಲ್ಲದೆ ಅದರ ಬೇಸೂ ಇಲ್ಲ, ಟ್ರೆಬಲ್ಲೂ ಇಲ್ಲ. ಈಕ್ವಲೈಸರ್ ‘ಎಲ್ಲೋ ಇದೆ, ಆಮೇಲೆ ಕಳಿಸುತ್ತೇವೆ’ ಎಂದರೆ ಅದು ಸಿಕ್ಕ ಮೇಲೆಯೇ ಹೋಗಿ.

ಕೋಣೆಗೆ ತಕ್ಕ ಪೆಟ್ಟಿಗೆ

10×12 ಅಡಿಯ, 10 ಅಡಿ ಎತ್ತರದ ಆರ್‌ಸಿಸಿ ಕೋಣೆಯಲ್ಲಿ 12 ಅಡಿಯ ಉದ್ದ 47 ಹರ್ಟ್ಝ್ ನಾದವನ್ನೂ, 10 ಅಡಿಯ ಅಗಲ ಮತ್ತು ಎತ್ತರ ಎರಡೂ ಸೇರಿ 56 ಹರ್ಟ್ಝ್ ಅನ್ನೂ ಉಬ್ಬಿಸುತ್ತವೆ. ದೊಡ್ಡ ಟವರ್ ಸ್ಪೀಕರ್ ತಂದಿಟ್ಟರೆ ಕೋಣೆಯೇ ಗುಡಾಣದಂತೆ ಗುಂಯ್‌ಗುಡುತ್ತದೆ. ಇಂಥ ಕಡೆ 6.5 ಇಂಚಿನ ವೂಫರಿನ ಸೀಲ್ಡ್ ಪೆಟ್ಟಿಗೆ ಮೇಲು. ತಗ್ಗಿನಲ್ಲಿ ಅದು ಆಕ್ಟೇವಿಗೆ (ಒಂದು ಸ್ಥಾಯಿಗೆ) 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ, ಕೋಣೆಯ ಉಬ್ಬು ಆ ಇಳಿತವನ್ನು ಒಂದಿಷ್ಟು ತುಂಬಿಕೊಡುತ್ತದೆ. ತೂತಿನ ಪೆಟ್ಟಿಗೆ 24ರಂತೆ ಧಡಕ್ಕನೆ ಬೀಳುತ್ತದೆ. ಹಳೆಯ ಹೆಂಚಿನ ಮನೆಯ ಕಥೆ ಬೇರೆ. ಬೇಸ್ ಹೆಂಚಿನ ಸಂದಿಯಲ್ಲಿ ಹೊರಟು ಹೋಗುತ್ತದೆ, ಗುಂಯ್ ಕಡಿಮೆ. 8 ಅಥವಾ 10 ಇಂಚಿನ ವೂಫರ್ ಅಲ್ಲಿ ಸಲ್ಲುತ್ತದೆ. ಕೆಂಪು ಗಾರೆ ನೆಲಕ್ಕೆ ಒಂದು ಜಮಖಾನ ಹಾಸಿದರೆ ಮೇಲಿನ ಸ್ವರಗಳ ಕಿರಿಕಿರಿ ತಗ್ಗುತ್ತದೆ.

ಗೋಡೆಯಿಂದ ಅರ್ಧ ಮೀಟರಾದರೂ ಮುಂದಿಡಿ, ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಕುರ್ಚಿಯಲ್ಲಾದರೆ ಅದು ಸುಮಾರು 95 ಸೆಂಟಿಮೀಟರ್. ಚಾಪೆಯ ಮೇಲೆ ಕೂತು ಕೇಳುವ ಮನೆಯಾದರೆ 75, ಅಂಗಡಿಯ ಸ್ಟ್ಯಾಂಡ್ ಆಗ ಎತ್ತರವಾಗುತ್ತದೆ. ತಂತಿಗೆ ಎಲೆಕ್ಟ್ರಿಕಲ್ ಅಂಗಡಿಯ 1.5 ಸ್ಕ್ವೇರ್ ಎಂ.ಎಂ. ತಾಮ್ರದ ಟ್ವಿನ್ ವಯರ್ ಸಾಕು. 5 ಮೀಟರಿಗೆ ಹೋಗಿ ಬರುವ ರೋಧ 0.12 ಓಮ್ ಅಷ್ಟೇ. ಅದಕ್ಕಿಂತ ದುಬಾರಿ ತಂತಿಗೆ ಇಡುವ ದುಡ್ಡು ಕೆಪಾಸಿಟರಿಗೆ ಹೋಗಲಿ.

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಹತ್ತಿಸಿ ತರುವುದಾದರೆ ಎರಡನ್ನೂ ನಿಲ್ಲಿಸಿ, ಮುಖಕ್ಕೆ ಮುಖ ಮಾಡಿ, ನಡುವೆ ದಪ್ಪ ರಟ್ಟು ಇಟ್ಟು ಕಂಬಳಿ ಸುತ್ತಿ. ತಿರುವಿನಲ್ಲಿ ಪಕ್ಕದ ಸಾಮಾನಿನ ಮೂಲೆ ಕೋನಿಗೆ ನುಗ್ಗುವುದು ತಪ್ಪುತ್ತದೆ. ಮನೆಗೆ ಬಂದ ಮೇಲೆ ನೆಲಕ್ಕಿಂತ ಎರಡು ಇಂಚು ಎತ್ತರದಲ್ಲಿರಲಿ. ಜೂನಿನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಅರ್ಧ ಗಂಟೆಯಾದರೂ ನುಡಿಸಿ. ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ತೇವ ಒಳಗೇ ನಿಲ್ಲುತ್ತದೆ. ಹಳೆಯ ಹತ್ತಿ ಪಂಚೆ ಸಾಕು. ಕೋನಿನ ಮೇಲೆ ಬೂಷ್ಟು ಕಂಡರೆ ಒಣ ಬಣ್ಣದ ಬ್ರಷ್ಷಿನಿಂದ ಉದುರಿಸಿ, ಒದ್ದೆ ಬಟ್ಟೆ ತಾಗಿಸಬೇಡಿ. ಗಾಳಿ ತೂತಿನ ಬಾಯಿಗೆ ಸೊಳ್ಳೆ ಪರದೆಯ ತುಂಡೊಂದನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ನುಡಿಸುವಾಗ ತೆಗೆದಿಡಿ. ಕುಂಬಾರ ಹುಳುವಿಗೆ ಆ ವರ್ಷ ಬೇರೆ ಮನೆ.